ನಕ್ಷತ್ರದ ಪಕ್ಕದ ಜಾಗ

ಜವರಪ್ಪನ ಪತ್ರ ಬಂದಾಗ ಪದ್ಮಶ್ರೀ ಹದಿಮೂರನೇ ಪಾಠದ ನಡುವೆ ಒದ್ದಾಡುತ್ತಿದ್ದಳು. ಬರೆದ ಪುಣ್ಯಾತ್ಮ ಯಾರೋ, ಕಮಾಂಡನ್ನೂ ಅದರ ವಿವರಣೆಯನ್ನೂ ಒಂದೇ ಉಸಿರಿನಲ್ಲಿ ಗೀಚಿ, ಮಾತು ಎಲ್ಲಿ ಮುಗಿಯಿತು, ಕಮಾಂಡು ಎಲ್ಲಿ ಶುರುವಾಯಿತು ಎಂಬುದು ಬ್ರಹ್ಮನಿಗೂ ತಿಳಿಯದ ಹಾಗೆ ಮಾಡಿಟ್ಟಿದ್ದ. ಮೌಸು ಮುಟ್ಟದೆ, ಕಂಪ್ಯೂಟರಿನ ಕಪ್ಪು ಕಿಟಕಿಯಲ್ಲಿ ಅಕ್ಷರ ಹೊಡೆದು ಕೆಲಸ ಮಾಡಿಸುವುದನ್ನು ಹೊಸಬರಿಗೆ ಕನ್ನಡದಲ್ಲಿ ಕಲಿಸುವ ಪಾಠಗಳು ಅವು. ಅಂತರ್ಜಾಲದಲ್ಲಿ ಯಾರು ಬೇಕಾದರೂ ಓದಬಹುದಿತ್ತು. ಓದುವವರು ಇದ್ದರೋ ಇಲ್ಲವೋ, ಹಿಂದಿನ ಎರಡು ವರ್ಷದಲ್ಲಿ ತಿದ್ದುವವಳಂತೂ ಇವಳೊಬ್ಬಳೇ.

ತಿದ್ದುವುದೆಂದರೆ ವಿಷಯವನ್ನಲ್ಲ, ಗುರುತುಗಳನ್ನು. ಕಮಾಂಡಿನ ಹಿಂದೆ ಮುಂದೆ ಕೀಬೋರ್ಡಿನ ಎಡಮೂಲೆಯ ವಾಲಿದ ಚಿಹ್ನೆ ಇಟ್ಟರೆ ಅದು ಬೂದುಬಣ್ಣದ ಚೌಕಟ್ಟಿನೊಳಗೆ ಹೋಗಿ ಕೂರುತ್ತದೆ. ಸಾಲಿನ ಮೊದಲಿಗೆ ನಕ್ಷತ್ರ ಹಾಕಿ ಪಕ್ಕದಲ್ಲೊಂದು ಜಾಗ ಬಿಟ್ಟರೆ ಪಟ್ಟಿಯಾಗುತ್ತದೆ, ಬಿಡದಿದ್ದರೆ ಅಕ್ಷರಗಳೆಲ್ಲ ಕುರಿ ಹಿಂಡಿನ ಹಾಗೆ ಒಂದರ ಮೇಲೊಂದು ಬೀಳುತ್ತವೆ. ಬಲ್ಲವರು ಇದಕ್ಕೆ ಮಾರ್ಕಪ್ ಅನ್ನುತ್ತಾರೆ. ಪದ್ಮಶ್ರೀಗೆ ಇದು ಪ್ರೂಫು ನೋಡುವ ಕೆಲಸ, ಅಷ್ಟೆ. ಒಂದೊಂದು ಕಮಾಂಡು ಏನು ಮಾಡುತ್ತದೆ ಎಂಬ ಉಸಾಬರಿ ಅವಳಿಗೆ ಬೇಕಿರಲಿಲ್ಲ. ದೊಡ್ಡಬಳ್ಳಾಪುರದ ಹಳೇ ಬಸ್‌ಸ್ಟ್ಯಾಂಡಿನ ಹಿಂದೆ ಆದಿನಾರಾಯಣಪ್ಪನವರ ಪ್ರೆಸ್ಸಿನಲ್ಲಿ ಇಪ್ಪತ್ತನಾಲ್ಕು ವರ್ಷ ಡಿಟಿಪಿ ಮಾಡಿದವಳು ಅವಳು. ಲಗ್ನಪತ್ರಿಕೆಗಳಲ್ಲಿ ಸಾವಿರಾರು ವಧೂವರರ ಹೆಸರು ತಿದ್ದಿದ್ದಳು. ಆಮೇಲೆ ಅವರು ಚೆನ್ನಾಗಿ ಬಾಳಿದರೇ ಎಂದು ಕೇಳಿಕೊಂಡು ಹೋಗಿದ್ದಳೇ?

ಆದಿನಾರಾಯಣಪ್ಪನವರು ತೀರಿಕೊಂಡ ವರ್ಷವೇ ಪ್ರೆಸ್ಸೂ ಮುಚ್ಚಿತು. ಲಗ್ನಪತ್ರಿಕೆಗಳು ಫೋನಿನಲ್ಲೇ ಓಡಾಡತೊಡಗಿದ ಮೇಲೆ ಅದು ಮುಚ್ಚದೆ ಇನ್ನೇನು ಮಾಡೀತು. ಪದ್ಮಶ್ರೀಗೆ ಆಗ ನಲವತ್ತೇಳು. ಮದುವೆಯಾಗಿರಲಿಲ್ಲ, ಅಮ್ಮ ಹೋಗಿ ಐದು ವರ್ಷವಾಗಿತ್ತು. ತಮ್ಮ ಮುನಿರಾಜ್ ಹೊಸಕೋಟೆ ಹತ್ತಿರ ಪಿಲ್ಲಗುಂಪೆಯ ಫ್ಯಾಕ್ಟರಿಯಲ್ಲಿದ್ದ, ಯುಗಾದಿಗೂ ಗೌರಿಹಬ್ಬಕ್ಕೂ ಫೋನು ಮಾಡುತ್ತಿದ್ದ. ಬೆಳಗ್ಗೆ ತಾಲ್ಲೂಕು ಆಫೀಸಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಅರ್ಜಿ ಟೈಪು ಮಾಡಿಕೊಟ್ಟು ಒಂದೂವರೆಗೆ ಮನೆಗೆ ಬಂದರೆ, ಮಾರನೆಯ ಬೆಳಗಿನ ತನಕ ಅವಳ ಜೊತೆ ಮಾತಾಡುತ್ತಿದ್ದದ್ದು ಕೆಳಮನೆಯ ಗಂಗಣ್ಣನ ಮಗ್ಗಗಳು ಮಾತ್ರ. ಆರು ಮಗ್ಗ ಒಟ್ಟಿಗೆ ಹೊಡೆಯುತ್ತಿದ್ದರೆ ನೆಲವೇ ಅದುರುತ್ತಿತ್ತು. ಮೊದಮೊದಲು ಅದು ತಲೆನೋವು. ಬರಬರುತ್ತಾ ಕರೆಂಟು ಹೋಗಿ ಮಗ್ಗ ನಿಂತಾಗಲೇ ಅವಳಿಗೆ ದಿಗಿಲಾಗುತ್ತಿತ್ತು.

ಈ ಪಾಠಗಳ ಸುದ್ದಿ ಸಿಕ್ಕಿದ್ದು ಫೋನಿನಲ್ಲಿ ಬಂದ ಒಂದು ಪ್ರಕಟಣೆಯಿಂದ. ಕಂಪ್ಯೂಟರು ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಕಣ್ಣು ಚುರುಕಾಗಿದ್ದರೆ ಸಾಕು ಎಂದಿತ್ತು. ಸಂಬಳ ಇಲ್ಲ ಅಂತಲೂ ಇತ್ತು. ಅವಳು ತಿದ್ದಿ ಕಳಿಸಿದ್ದನ್ನು ಅಂಜನ್ ಎಂಬಾತ ಒಪ್ಪಿ ಸೇರಿಸುತ್ತಿದ್ದ. ಆತ ಯಾವ ಊರಿನವನೋ, ಹುಡುಗನೋ ಮುದುಕನೋ ಅವಳಿಗೆ ಗೊತ್ತಿರಲಿಲ್ಲ. ಪ್ರತಿ ಸಲವೂ ಒಂದೇ ಪದ ಬರೆಯುತ್ತಿದ್ದ, ‘ಧನ್ಯವಾದ’ ಅಂತ. ಒಂದು ಯುಗಾದಿಗೆ ಮಾತ್ರ ‘ಧನ್ಯವಾದ, ಹಬ್ಬದ ಶುಭಾಶಯ’ ಎಂದು ಬರೆದಿದ್ದ. ಬೇಕರಿಯಿಂದ ತಂದ ಒಬ್ಬಟ್ಟು ತಿನ್ನುತ್ತಾ ಅವಳು ಅದನ್ನು ನಾಲ್ಕೈದು ಸಲ ಓದಿದ್ದಳು. ನಗುವವರು ನಗಲಿ. ದಿನಕ್ಕೊಂದು ಸಲ ಯಾರೋ ತನ್ನ ಕೆಲಸ ನೋಡಿ ತಲೆಯಾಡಿಸುತ್ತಾರೆ ಎಂಬುದೇ ಅವಳಿಗೆ ಊಟದಷ್ಟು ಬೇಕಾಗಿತ್ತು.

ಆ ಬುಧವಾರ ಬಂದದ್ದು ಅಂಜನ್‌ನ ಧನ್ಯವಾದವಲ್ಲ. ಓದುಗರು ಸಂದೇಹ ಬರೆಯಲೆಂದು ಇಟ್ಟಿದ್ದ ಪುಟದಲ್ಲಿ ಮೊಟ್ಟಮೊದಲ ಬಾರಿಗೆ ಯಾರೋ ಬರೆದಿದ್ದರು. ಪಕ್ಕಾ ಅಂಚೆ ಕಾಗದದ ಹಾಗೆ ಮೇಲೆ ಕ್ಷೇಮ, ಕೆಳಗೆ ವಿಳಾಸ, ಫೋನ್ ನಂಬರು, ‘ಇಂತಿ ತಮ್ಮ ವಿಶ್ವಾಸಿ ಜವರಪ್ಪ’.

ಈ ಜವರಪ್ಪ ಸಾಸಲಿನವರು. ಮೂವತ್ತೊಂದು ವರ್ಷ ಊರಿಗೆ ನೀರು ಬಿಡುವ ವಾಟರ್‌ಮ್ಯಾನ್ ಆಗಿದ್ದು ನಿವೃತ್ತರಾದವರು. ಸುತ್ತಲಿನ ಊರುಗಳಲ್ಲಿ ಯಾವ ಪೈಪು ಎಲ್ಲಿಂದ ಎಲ್ಲಿಗೆ ಹೋಗಿದೆ, ಯಾವ ವಾಲ್ವು ಯಾವ ಕಾಂಕ್ರೀಟ್ ರಸ್ತೆಯ ಕೆಳಗೆ ಹೂತುಹೋಗಿದೆ ಎಂಬುದು ಯಾವ ನಕ್ಷೆಯಲ್ಲೂ ಇರಲಿಲ್ಲ, ಅವರ ತಲೆಯಲ್ಲಿತ್ತು. ತಾವು ಹೋದ ಮೇಲೆ ಜನ ಊರೆಲ್ಲ ಅಗೆದಾರು ಎಂದು, ಯಾರೂ ಕೇಳದಿದ್ದರೂ, ಶಾಲೆಯವರು ಬೇಡವೆಂದು ಕೊಟ್ಟ ಹಳೇ ಕಂಪ್ಯೂಟರಿನಲ್ಲಿ ಒಂದೊಂದು ಬೀದಿಗೆ ಒಂದೊಂದು ಕಡತ ಮಾಡಿ ಹನ್ನೊಂದು ತಿಂಗಳು ಒಂದೇ ಬೆರಳಿನಲ್ಲಿ ಬರೆದಿದ್ದರು. ಈ ಪಾಠಗಳನ್ನು ಓದಿಯೇ ಕಲಿತಿದ್ದರು. ಒಂಬತ್ತನೇ ಪಾಠದಲ್ಲಿ ಹಳೆಯ ಪ್ರತಿಗಳನ್ನು ಅಳಿಸುವ ಕಮಾಂಡು ಇದೆಯಲ್ಲ, ಅದನ್ನು ಕಂಡ ಹಾಗೇ ಹೊಡೆದರಂತೆ. ಎಲ್ಲ ಕಡತಗಳೂ ಹೋದವಂತೆ.

‘ನನ್ನ ಕೈ ನಡುಗುತ್ತದೆ, ಕಣ್ಣೂ ಸಾಲದು. ಈ ವಯಸ್ಸಿನಲ್ಲಿ ಇದು ನನ್ನಿಂದಾಗುವ ಕೆಲಸವಲ್ಲ ಎಂದು ಮನೆಯವರು ಮೊದಲೇ ಹೇಳಿದ್ದರು. ಶನಿವಾರ ಗುಜರಿಯವನು ಬರುತ್ತಾನೆ, ಯಂತ್ರವನ್ನು ಕೊಟ್ಟುಬಿಡುತ್ತೇನೆ. ನಾನು ಎಲ್ಲಿ ತಪ್ಪು ಮಾಡಿದೆ ಎಂದು ತಾವು ತಿಳಿಸಿದರೆ ಮನಸ್ಸಿಗೆ ಸಮಾಧಾನವಾದೀತು.’

ಕೆಳಗೆ ಅಂಜನ್ ಆಗಲೇ ಉತ್ತರ ಕೊಟ್ಟಿದ್ದ. ನಕ್ಷತ್ರದ ಪಕ್ಕ ಜಾಗ ಬಿಟ್ಟು ಟೈಪ್ ಮಾಡಿರುತ್ತೀರಿ, ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು ಇದು, ಮುಂದೆ ಎಚ್ಚರಿಕೆಯಿಂದಿರಿ ಎಂದು ಬರೆದು, ಸಂದೇಹ ಬಗೆಹರಿದಿದೆ ಎಂಬ ಮುದ್ರೆ ಒತ್ತಿಬಿಟ್ಟಿದ್ದ.

‘ನಕ್ಷತ್ರದ ಪಕ್ಕ ಜಾಗ’ ಎಂಬ ಮಾತು ಓದಿದ್ದೇ ತಡ ಪದ್ಮಶ್ರೀ ಹದಿಮೂರನೇ ಪಾಠವನ್ನು ಅರ್ಧಕ್ಕೇ ಬಿಟ್ಟಳು. ಒಂಬತ್ತನೇ ಪಾಠ ತೆರೆದಳು. ಬೂದು ಚೌಕಟ್ಟಿನೊಳಗೆ ಆ ಕಮಾಂಡು ಇತ್ತು: rm * .bak. ನಕ್ಷತ್ರದ ಪಕ್ಕ ಒಂದು ಜಾಗ. ಕೆಳಗಿನ ವಿವರಣೆಯನ್ನು ಅವಳು ಮೊದಲ ಬಾರಿಗೆ ಅರ್ಥ ಮಾಡಿಕೊಳ್ಳುವ ಹಾಗೆ ಓದಿದಳು. ಕಡತ ತಿದ್ದಿದಾಗಲೆಲ್ಲ ಹಳೆಯದರ ಪ್ರತಿಯೊಂದು .bak ಎಂಬ ಬಾಲ ಕಟ್ಟಿಕೊಂಡು ಉಳಿಯುತ್ತದೆ. rm ಎಂದರೆ ಅಳಿಸು. ನಕ್ಷತ್ರ ಎಂದರೆ ಹೆಸರು ಏನೇ ಇರಲಿ ಎಂದು. ನಕ್ಷತ್ರವೂ ಬಾಲವೂ ಕೂಡಿಕೊಂಡಿದ್ದರೆ ಬಾಲ ಇರುವ ಹಳೆಯ ಪ್ರತಿಗಳು ಮಾತ್ರ ಹೋಗುತ್ತವೆ. ನಡುವೆ ಜಾಗ ಬಿಟ್ಟರೆ ನಕ್ಷತ್ರ ಒಂಟಿಯಾಗಿ ನಿಲ್ಲುತ್ತದೆ, ಅಲ್ಲಿರುವುದನ್ನೆಲ್ಲ ಅಳಿಸು ಎಂದಾಗುತ್ತದೆ. ಕಂಪ್ಯೂಟರು ಹೇಳಿದಷ್ಟು ಮಾಡುತ್ತದೆ, ನಿಜವಾಗಲೂ ಎಂದು ಕೇಳುವುದೂ ಇಲ್ಲ.

ಯಾವ ಬದಲಾವಣೆಯನ್ನು ಯಾರು ಯಾವಾಗ ಮಾಡಿದರು ಎಂಬ ದಾಖಲೆ ಪ್ರತಿ ಪಾಠಕ್ಕೂ ಇತ್ತು. ಅವಳು ಅದನ್ನು ತೆರೆಯುವ ಮೊದಲೇ ಅಲ್ಲಿ ಯಾರ ಹೆಸರಿರುತ್ತದೆ ಎಂದು ಗೊತ್ತಿತ್ತು. ಫೆಬ್ರವರಿಯ ಒಂದು ಮಧ್ಯಾಹ್ನ ಆ ಪಾಠದ ಪಟ್ಟಿಗಳನ್ನೆಲ್ಲ ಸರಿಮಾಡಿದ್ದಳು, ನಕ್ಷತ್ರ ಕಂಡಲ್ಲೆಲ್ಲ ಜಾಗ ಬಿಡುತ್ತಾ ಹೋಗಿದ್ದಳು. “ಚಿಹ್ನೆ ಆದ್ಮೇಲೆ ಜಾಗ ಬಿಡಮ್ಮ. ಅಕ್ಷರ ನೂಕಾಡಿದ್ರೆ ಮದುವೆ ಮನೇಲಿ ಜನಾನೂ ನೂಕಾಡ್ತಾರೆ,” ಎನ್ನುತ್ತಿದ್ದರು ಆದಿನಾರಾಯಣಪ್ಪ. ಲಗ್ನಪತ್ರಿಕೆಯ ಕೆಳಗೆ ನಕ್ಷತ್ರ ಹಾಕಿ, ಜಾಗ ಬಿಟ್ಟು, ಉಡುಗೊರೆಗಳನ್ನು ಸ್ವೀಕರಿಸಲಾಗುವುದಿಲ್ಲ ಎಂದು ಹೊಡೆದ ಕೈ ಅವಳದು. ಇಪ್ಪತ್ತನಾಲ್ಕು ವರ್ಷ ಮಾಡಿದ್ದನ್ನು ಕೈ ಕೇಳಿ ಮಾಡುತ್ತದೆಯೇ. ಸಾಲದ್ದಕ್ಕೆ ಆ ಕಮಾಂಡಿನ ಹಿಂದೆ ಮುಂದೆ ವಾಲಿದ ಚಿಹ್ನೆ ಹಾಕಿ ಭದ್ರವಾಗಿ ಚೌಕಟ್ಟೂ ಕಟ್ಟಿದ್ದಳು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಅವಳು ಮೊದಲು ಮಾಡಿದ ಕೆಲಸ ಹೇಳಿಕೊಳ್ಳುವಂಥದ್ದಲ್ಲ. ಆ ಜಾಗವನ್ನು ಅಳಿಸಿದಳು. ‘ಸಣ್ಣ ತಿದ್ದುಪಡಿ’ ಎಂದು ಬರೆದು ಕಳಿಸಿದಳು. ಹತ್ತು ನಿಮಿಷದಲ್ಲಿ ಅಂಜನ್ ಅದನ್ನು ಒಪ್ಪಿಕೊಂಡ. ಏನು ತಿದ್ದಿದ್ದಾಳೆಂದು ನೋಡಿದನೋ ಇಲ್ಲವೋ, ಎಂದಿನಂತೆ ‘ಧನ್ಯವಾದ’ ಬಂತು.

ಎರಡು ವರ್ಷ ಆ ಪದಕ್ಕಾಗಿ ಕಾದಿದ್ದವಳಿಗೆ ಆವತ್ತು ಅದನ್ನು ನೋಡಲಾಗಲಿಲ್ಲ. ಇನ್ನು ಸುಮ್ಮನಿದ್ದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಬಾಯಿಬಿಟ್ಟರೆ ಅಂಜನ್ ಇವಳ ಕೈಗೆ ಮತ್ತೆ ಪಾಠ ಕೊಡುತ್ತಾನೆಯೇ? ಕೊಡದಿದ್ದರೆ ಆ ಮಧ್ಯಾಹ್ನಗಳನ್ನೆಲ್ಲ ತೆಗೆದುಕೊಂಡು ಏನು ಮಾಡುವುದು? ಬಾಯಿಬಿಡದಿದ್ದರೆ ಸಾಸಲಿನಲ್ಲೊಬ್ಬರು ತನ್ನ ಕೈಯೇ ಸರಿಯಿಲ್ಲ ಎಂದುಕೊಂಡು ಶನಿವಾರ ಕಂಪ್ಯೂಟರನ್ನು ಗುಜರಿಗೆ ಹಾಕುತ್ತಾರೆ. ಉತ್ತರ ಬರೆಯಲು ಕೂತಳು, ಬರೆದಳು, ಅಳಿಸಿದಳು. ಫೋನು ಮಾಡೋಣವೆಂದು ನಂಬರು ಒತ್ತಿ, ರಿಂಗಾಗುವ ಮೊದಲೇ ಕತ್ತರಿಸಿದಳು. ಗುರುವಾರ ಹಾಗೇ ಹೋಯಿತು. ಕೊನೆಗೆ ಅವಳ ಮನಸ್ಸು ಒಂದು ನಡುದಾರಿ ಹುಡುಕಿಕೊಂಡಿತು. ತಾನೇ ಹೋಗಿ, ಅವರೊಬ್ಬರಿಗೇ ಹೇಳಿ, ಕ್ಷಮೆ ಕೇಳಿ ಬಂದರಾಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಶುಕ್ರವಾರ ಜೆರಾಕ್ಸ್ ಅಂಗಡಿಗೆ ರಜೆ ಹೇಳಿ ಸಾಸಲಿನ ಬಸ್ಸು ಹತ್ತಿದಳು. ರಾಗಿ ಕಟಾವಿನ ಕಾಲ. ರೈತರು ರಸ್ತೆಗೇ ತೆನೆ ಹರಡಿದ್ದರು, ಬಸ್ಸು ಅದರ ಮೇಲೇ ಮೆತ್ತಗೆ ಹೋಗುತ್ತಿತ್ತು. ಊರಲ್ಲಿ ಇಳಿದು ನೀರಿನ ಜವರಪ್ಪ ಎಂದು ಕೇಳಿದರೆ ಮನೆ ತೋರಿಸಲು ಎರಡು ಜನ ಎದ್ದರು.

ಜವರಪ್ಪ ಜಗಲಿಯ ಮೇಲೆ ಹುರಳಿ ಆರಿಸುತ್ತಾ ಕೂತಿದ್ದರು. ತೆಳ್ಳಗಿನ ಆಳು, ಕಿವಿಯ ತನಕ ಎಣ್ಣೆ ಹಚ್ಚಿ ಬಾಚಿದ ಬಿಳಿಗೂದಲು. ಪಾಠದ ಕಡೆಯವಳು ಎಂದದ್ದೇ ದಡಬಡ ಎದ್ದು, ಟವೆಲ್ಲಿನಿಂದ ಕುರ್ಚಿ ಒರೆಸಿ, ಹೆಂಡತಿ ಅಕ್ಕಯಮ್ಮನನ್ನು ಕೂಗಿ ಕಾಫಿಗೆ ಹೇಳಿದರು. ತಮ್ಮಂಥ ದಡ್ಡನ ಕಾಗದಕ್ಕೆ ಆಫೀಸಿನಿಂದ ಆಳೇ ಬಂದಿದ್ದಾರೆಂದು ಅವರಿಗೆ ಸಂಕೋಚ. ಒಳಗೆ ಗೋಡೆಗೆ ಒತ್ತಿಟ್ಟಿದ್ದ ಕಂಪ್ಯೂಟರಿನ ಮೇಲೆ ಹಳೇ ಸೀರೆ ಹೊದಿಸಿತ್ತು. ಅಂಜನಪ್ಪನವರು ಹೇಳಿದ್ದು ಸರಿ, ತಾನು ಜಾಗ ಬಿಟ್ಟೇ ಹೊಡೆದದ್ದು, ಪಾಠದಲ್ಲಿ ಹಾಗೇ ಕಂಡಿತ್ತು, ಕಣ್ಣಿನ ದೋಷವಿರಬೇಕು, ಕನ್ನಡಕ ಬದಲಾಯಿಸಬೇಕು ಎಂದು ಅವರೇ ಹೇಳುತ್ತಾ ಹೋದರು. ಪದ್ಮಶ್ರೀಗೆ ನಡುವೆ ಬಾಯಿ ಹಾಕಲು ಧೈರ್ಯ ಬರುವಷ್ಟರಲ್ಲಿ ಕಾಫಿ ಬಂತು. ಕುಡಿದರೆ ಆಮೇಲೆ ಹೇಳಲಾರೆ ಎನ್ನಿಸಿ ಲೋಟವನ್ನು ಕೆಳಗಿಟ್ಟಳು.

“ನಿಮ್ ಕಣ್ಣು ಸರಿಯಾಗಿದೆ,” ಎಂದಳು. “ಪಾಠದಲ್ಲೇ ಜಾಗ ಇತ್ತು. ಅದನ್ನ ಬಿಟ್ಟಿದ್ದು ನಾನು. ಅಲ್ಲಿ ಜಾಗ ಇರಬಾರದು ಅಂತ ನಂಗೆ ಗೊತ್ತಿರಲಿಲ್ಲ.”

ಜವರಪ್ಪ ಹುರಳಿಯ ಮೊರವನ್ನು ತೊಡೆಯಿಂದ ಇಳಿಸಿದರು. ಅರ್ಥವಾಗದೆ ಇನ್ನೊಂದು ಸಲ ಕೇಳಿದರು. ಅವಳು ಇನ್ನೊಂದು ಸಲ ಹೇಳಿದಳು.

“ಅಂಗಾರೆ ನಾನು ಒಡ್ದಿದ್ದು ಸರ್ಯಾಗೇ ಇತ್ತು ಅನ್ನಿ.”

“ಸರಿಯಾಗೇ ಇತ್ತು.”

ಅವರು ಬೈಯುತ್ತಾರೆ ಎಂದುಕೊಂಡಿದ್ದಳು. ಅವರ ಮುಖ ಅರಳಿತು. ಕಳೆದುಹೋದ ಹನ್ನೊಂದು ತಿಂಗಳ ನೆನಪೇ ಆ ಗಳಿಗೆಯಲ್ಲಿ ಅವರಿಗಿದ್ದಂತಿರಲಿಲ್ಲ. ಬಾಗಿಲ ಕಡೆ ತಿರುಗಿ, “ಕೇಳಿಸ್ತೇನಮ್ಮೀ, ನಾನು ಸರ್ಯಾಗೇ ಒಡ್ದಿದ್ನಂತೆ,” ಎಂದರು.

ಅಕ್ಕಯಮ್ಮನಿಗೆ ಕೇಳಿಸಿತ್ತು. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಹೊಸ್ತಿಲ ಮೇಲೆ ನಿಂತು ಪದ್ಮಶ್ರೀಯನ್ನು ಅಡಿಯಿಂದ ಮುಡಿಯ ತನಕ ನೋಡಿದರು. ಗಂಡನ ಹಾಗೆ ಹಗುರವಾಗುವ ಹೆಂಗಸಲ್ಲ ಅದು.

“ಕಣ್ಣಾಗೆ ನೀರ್ ಸುರಿಸ್ಕಂಡು ಬರ್ದವ್ರೆ ಕಣಮ್ಮ. ಅವೆಲ್ಲ ಹೋದ್ ದಿನ ಉಣ್ಣನಿಲ್ಲ. ಗೊತ್ತಿಲ್ದಿದ್ ಮ್ಯಾಲೆ ಯಾಕ್ ಮುಟ್ಟಕ್ಕೋದ್ರಿ?”

ಪದ್ಮಶ್ರೀ ಉತ್ತರ ಹುಡುಕಿದಳು. ಪ್ರೆಸ್ಸಿನ ರೂಢಿ, ಆದಿನಾರಾಯಣಪ್ಪನವರ ಮಾತು, ಎಲ್ಲ ನಾಲಿಗೆಯ ತುದಿಗೆ ಬಂತು. ಆದರೆ ಆ ಪ್ರಶ್ನೆಗೆ ನಿಜವಾದ ಉತ್ತರ ಬೇರೆ ಇತ್ತು, ಅದು ಅವಳಿಗೆ ಗೊತ್ತಿತ್ತು. ಮನೆಯಲ್ಲಿ ಒಬ್ಬಳೇ ಇದ್ದೆ, ಕೈಗೆ ಏನಾದರೂ ಬೇಕಿತ್ತು ಎಂದು ಅಪರಿಚಿತರ ಜಗಲಿಯಲ್ಲಿ ಕೂತು ಹೇಗೆ ಹೇಳುವುದು? ತಪ್ಪಾಯಿತು ಎಂದಷ್ಟೇ ಅಂದಳು.

ಜವರಪ್ಪ ಹೆಂಡತಿಗೆ ಸುಮ್ಮನಿರು ಎಂದು ಕೈಸನ್ನೆ ಮಾಡಿದರು. ಅಂಜನಪ್ಪನವರಿಗೆ ಈ ಸಂಗತಿ ಗೊತ್ತೇ ಎಂದು ಕೇಳಿದರು. ಇಲ್ಲ ಎಂದಳು.

“ಅಲ್ಲೂ ಬರೀರಿ ಮೇಡಮ್ಮೋರೇ. ನಾನ್ ಬರ್ದಿದ್ ಕಡೇನೇ, ಎಲ್ರೂ ನೋಡೋ ಕಡೆ. ನಂದು ತಪ್ಪು ಅಂತ ಅಲ್ಲಿ ಅಂಗೇ ನಿಂತದೆ.”

ಮೆತ್ತಗೆ, ಬೇಡಿಕೊಳ್ಳುವವರ ಹಾಗೆಯೇ ಹೇಳಿದರು. ಆದರೆ ಮೂವತ್ತೊಂದು ವರ್ಷ, ನೀರು ಬರಲಿಲ್ಲ ಎಂದರೆ ಊರಿನವರೆಲ್ಲ ಮೊದಲು ಬೈಯುತ್ತಿದ್ದದ್ದು ಅವರನ್ನೇ. ಪೈಪು ಒಡೆದದ್ದು ಯಾರೇ ಇರಲಿ, ಮೋಟರು ಸುಟ್ಟದ್ದು ಯಾರಿಂದಲೇ ಇರಲಿ. ಈ ಒಂದು ತಪ್ಪನ್ನಾದರೂ ತಮ್ಮ ಲೆಕ್ಕದಿಂದ ತೆಗೆಸಿಕೊಳ್ಳಬೇಕೆಂದು ಅವರು ಹಟ ಹಿಡಿದಿದ್ದರು. ಅವಳು ಹುಡುಕಿಕೊಂಡ ನಡುದಾರಿ ಅಲ್ಲಿಗೆ ಮುಗಿಯಿತು.

ಅವರೇ ಕಂಪ್ಯೂಟರಿನ ಮೇಲಿನ ಸೀರೆ ತೆಗೆದರು, ಅವರೇ ಆ ಪುಟ ತೆರೆದುಕೊಟ್ಟರು. ಪದ್ಮಶ್ರೀ ಅವರ ಕೀಬೋರ್ಡಿನಲ್ಲಿ ತನ್ನ ಹೆಸರಿನಿಂದಲೇ ಬರೆದಳು: ‘ಒಂಬತ್ತನೇ ಪಾಠದಲ್ಲಿ ತಪ್ಪು ಜಾಗ ಸೇರಿಸಿದ್ದು ನಾನು. ಬುಧವಾರ ಅದನ್ನು ಯಾರಿಗೂ ಹೇಳದೆ ಅಳಿಸಿದ್ದೂ ನಾನೇ. ಜವರಪ್ಪನವರು ಪಾಠದಲ್ಲಿ ಇದ್ದ ಹಾಗೆಯೇ, ಸರಿಯಾಗಿ ಟೈಪ್ ಮಾಡಿದ್ದರು.’ ಎರಡನೇ ವಾಕ್ಯವನ್ನು ಬರೆ ಎಂದು ಯಾರೂ ಕೇಳಿರಲಿಲ್ಲ. ಬರೆಯುತ್ತಾ ಬರೆಯುತ್ತಾ ಅದೂ ಬಂತು. ಜವರಪ್ಪ ಹೆಂಡತಿಗೆಂದು ಅದನ್ನು ಗಟ್ಟಿಯಾಗಿ ಓದಿಸಿದರು. ಕೊನೆಯ ಸಾಲನ್ನು ತಾವೇ ಇನ್ನೊಂದು ಸಲ ಓದಿಕೊಂಡರು. ಆಮೇಲೆ ಅವಳು ಕಳಿಸುವ ಗುಂಡಿ ಒತ್ತಿದಳು.

ಅಕ್ಕಯಮ್ಮ ಊಟಕ್ಕೆ ಏಳಿ ಎಂದರು. ಕೋಪ ಹೋಗಿರಲಿಲ್ಲ, ಆದರೆ ಮಧ್ಯಾಹ್ನದ ಹೊತ್ತು ಮನೆಗೆ ಬಂದವರನ್ನು ಹಾಗೇ ಕಳಿಸುವ ವಂಶವೂ ಅಲ್ಲ. ಮುದ್ದೆ, ಹುರಳಿಕಾಳಿನ ಸಾರು. ಮುದ್ದೆ ಮುರಿಯುತ್ತಾ ಪದ್ಮಶ್ರೀ, ಕಡತಗಳನ್ನು ತಾನೇ ಬಂದು ಟೈಪು ಮಾಡಿಕೊಡುತ್ತೇನೆ, ನೀವು ಹೇಳಿದರೆ ಸಾಕು, ತನ್ನ ಕೈ ಬಹಳ ಬೇಗ ಓಡುತ್ತದೆ ಎಂದಳು. ಹೇಳುವಾಗ ಅವಳಿಗೆ ಆಸೆಯೇ ಹುಟ್ಟಿತ್ತು. ವಾರಕ್ಕೊಂದು ದಿನ ಈ ಬಸ್ಸು, ಈ ಜಗಲಿ, ಮುಖ ಗಂಟು ಹಾಕಿಕೊಂಡಾದರೂ ಉಣ್ಣಲು ಕರೆಯುವ ಈ ಹೆಂಗಸು.

ಜವರಪ್ಪ ತಲೆಯಾಡಿಸಿ ನಕ್ಕರು. “ಬ್ಯಾಡಿ ಬುಡಿ. ನಾನೇ ಒಡೀತೀನಿ,” ಎಂದರು.

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಇನ್ನೊಂದು ಸಲ ಕೇಳಬಹುದಿತ್ತು. ಊಟವಾದ ಮೇಲೆ ಅವರು ಗುಜರಿಯವನಿಗೆ ಫೋನು ಮಾಡಿ ನಾಳೆ ಬರಬೇಡ ಎಂದರು, ಬಸ್ಸು ಎರಡೂವರೆಗೆ ಎಂದು ಇವಳಿಗೆ ನೆನಪಿಸಿದರು, ಮತ್ತೆ ಕಂಪ್ಯೂಟರಿನ ಮುಂದೆ ಹೋಗಿ ಕೂತರು. ಅವಳು ಚಪ್ಪಲಿ ಮೆಟ್ಟಿ ಬರುತ್ತೇನೆ ಎಂದಾಗ ಅವರ ಬೆರಳು ಒಂದು ಅಕ್ಷರ ಹುಡುಕುತ್ತಿತ್ತು.

ಬಸ್‌ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತಿದ್ದಾಗ ಫೋನು ಸದ್ದು ಮಾಡಿತು. ಅಂಜನ್ ಬರೆದಿದ್ದ. ಆ ಪುಟದಲ್ಲಿ ತನ್ನ ಹಳೆಯ ಉತ್ತರವನ್ನು ಹೊಡೆದುಹಾಕಿ ಜವರಪ್ಪನವರ ಕ್ಷಮೆ ಕೇಳಿದ್ದಾನೆ. ಒಳ್ಳೆಯವನೇ ಇರಬೇಕು. ಅದರ ಕೆಳಗೆ ಇವಳಿಗೆ ಎರಡು ಸಾಲು: ‘ಪದ್ಮಶ್ರೀ ಅವರೇ, ಉಳಿದ ಪಾಠಗಳನ್ನೆಲ್ಲ ಪರೀಕ್ಷಿಸುವ ತನಕ ನಿಮ್ಮ ತಿದ್ದುವ ಅನುಮತಿಯನ್ನು ನಿಲ್ಲಿಸಿದ್ದೇವೆ. ಅನ್ಯಥಾ ಭಾವಿಸಬಾರದು.’ ಅಂಜನ್ ಅವಳ ಹೆಸರು ಹಿಡಿದು ಬರೆದದ್ದು ಅದೇ ಮೊದಲು. ಅವಳು ಆ ಸಾಲುಗಳನ್ನು ಎರಡು ಸಲ ಓದಿ ಫೋನನ್ನು ಬ್ಯಾಗಿಗೆ ಹಾಕಿದಳು. ಮಾಡಿದ್ದು ಸರಿ ಎಂದು ಗೊತ್ತಿತ್ತು. ಆದರೂ ನಾಳೆ ಮಧ್ಯಾಹ್ನ ಒಂದೂವರೆಗೆ ಬೀಗ ತೆಗೆದು ಒಳಗೆ ಹೋಗಿ ಎಲ್ಲಿ ಕೂರುವುದು ಎಂದು ತಿಳಿಯದೆ ಅಳು ಬಂತು, ಅತ್ತಳು. ಪಕ್ಕದಲ್ಲಿ ಯಾರೂ ಇರಲಿಲ್ಲ.

ಬಸ್ಸು ಬಂದು, ಅವಳನ್ನು ಹತ್ತಿಸಿಕೊಂಡು, ಊರು ದಾಟುವ ತಿರುವಿನಲ್ಲಿ ನಿಂತುಬಿಟ್ಟಿತು. ಕಿಟಕಿಯಿಂದ ಬಗ್ಗಿ ನೋಡಿದಳು. ರಸ್ತೆಯ ನಡುವೆ ಜವರಪ್ಪ. ಪಂಚೆ ಎತ್ತಿ ಕಟ್ಟಿ, ಬೇವಿನ ಮರದ ಬುಡದಿಂದ ಶುರುಮಾಡಿ, ಒಂದು ಪಾದದ ಮುಂದೆ ಇನ್ನೊಂದು ಪಾದ ಇಡುತ್ತಾ ಅಳೆದುಕೊಂಡು ಬರುತ್ತಿದ್ದಾರೆ. ತುಟಿ ಅಲ್ಲಾಡುತ್ತಿದೆ. ಡ್ರೈವರು ಹಾರನ್ನು ಹೊಡೆದ. ಅವರು ತಲೆ ಎತ್ತದೆ, ತಡಿ ಎಂದು ಅಂಗೈ ತೋರಿಸಿದರು.

ಕರೆಯಬೇಕೆನ್ನಿಸಿ ಪದ್ಮಶ್ರೀ ಬಾಯಿ ತೆರೆದಳು. ಕರೆದರೆ ಎಣಿಕೆ ತಪ್ಪೀತು. ಸುಮ್ಮನಾದಳು. ಅವರು ಇನ್ನೂ ನಾಲ್ಕು ಪಾದ ನಡೆದು ನಿಂತು, ಹಿಮ್ಮಡಿಯಿಂದ ಕಾಂಕ್ರೀಟನ್ನು ಎರಡು ಸಲ ಕುಟ್ಟಿ, ಕೆಳಗೆ ಹೂತ ವಾಲ್ವಿನ ಸದ್ದಿಗೆ ಕಿವಿಗೊಟ್ಟು ಕೇಳಿದರು.